ಹಿಂದಿನ ಸೀಟಿನ ಗ್ಯಾರಂಟಿ

ಆ ಬೈಕಿಗೆ ನಾನು ಕೊಟ್ಟದ್ದು ಮೂರು ಲಕ್ಷದ ಹತ್ತು ಸಾವಿರ. ಮಾರುವವರು ಕೇಳಿದ್ದು ಐದೂವರೆ. ಅಷ್ಟು ಇಳಿಸುವುದಕ್ಕೆ ಕಾರಣಗಳಿದ್ದವು, ಒಂದೊಂದನ್ನೂ ನಾನೇ ಹುಡುಕಿ ತೋರಿಸಿದೆ. ವಸ್ತಾರೆ ಕಡೆಯ ಒಂದು ಎಸ್ಟೇಟಿನ ಶೆಡ್ಡಿನಲ್ಲಿ, ಕಾಫಿ ಒಣಗಿಸುವ ಟಾರ್ಪಾಲಿನ ಅಡಿಯಲ್ಲಿ ಅದು ಎರಡು ಮಳೆಗಾಲ ಕಳೆದಿತ್ತು. ಬ್ಯಾಟರಿ ಸತ್ತಿತ್ತು. ಮುಂದಿನ ಫೋರ್ಕಿನ ಮೇಲೆ ತುಕ್ಕಿನ ಚುಕ್ಕೆಗಳು. ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿಯೊಂದು ಸಂಸಾರ ಹೂಡಿ ಫಿಲ್ಟರನ್ನೇ ಹಾಸಿಗೆ ಮಾಡಿಕೊಂಡಿತ್ತು. ನಾನು ಅಲ್ಲಿಗೆ ಹೋದದ್ದು ಮೆಣಸು ಕೊಳ್ಳಲು. ಮೆಣಸಿನ ದರ ಮುಗಿಸಿ, ಅದೇ ಚೀಲದ ಮೇಲೆ ಕೂತು ಬೈಕಿನ ದರವನ್ನೂ ಮುಗಿಸಿದೆ.

ನಾಲ್ಕು ಸಿಲಿಂಡರಿನ, ಆರುನೂರು ಸಿಸಿಯ, ಟ್ಯಾಂಕಿನ ಮೇಲೆ ಮಲಗಿದಂತೆ ಕೂತು ಓಡಿಸುವ ಬೈಕು. ನಲವತ್ತೆರಡರ ವಯಸ್ಸಿನ ಮೆಣಸು ವ್ಯಾಪಾರಿಗೆ ಇದೇಕೆ ಎಂದು ಕೇಳುವವರಿಗೆ ಒಂದೇ ಮಾತು. ಹದಿನೆಂಟರಲ್ಲಿ ನಾನು ಲಾರಿಗೆ ಕಾಫಿ ಚೀಲ ಹೊರುತ್ತಿದ್ದೆ. ಒಂದು ದಿನ ಇಂಥದ್ದೊಂದು ಬೈಕು ರಸ್ತೆಯಲ್ಲಿ ಹೋಯಿತು. ಅದರ ಸದ್ದು ತಿರುವಿನಾಚೆ ಪೂರ್ತಿ ಮುಗಿಯುವವರೆಗೂ ಐವತ್ತು ಕೆಜಿಯ ಚೀಲವನ್ನು ಬೆನ್ನ ಮೇಲೆ ಹೊತ್ತುಕೊಂಡೇ ನಿಂತಿದ್ದೆ. ಅಷ್ಟೇ ಕಾರಣ.

ಮನೆಗೆ ತಂದಾಗ ಹೆಂಡತಿ ಸುತ್ತಲೂ ಒಂದು ಸುತ್ತು ಬಂದು ನೋಡಿದಳು.

"ಇದ್ರಲ್ಲಿ ಒಂದು ಚೀಲ ಮೆಣಸಾದ್ರೂ ತರ್ಬೋದಾ?"

"ಇಲ್ಲ."

"ನಾನಾದ್ರೂ ಕೂರ್ಬೋದಾ?"

ಹಿಂದಿನ ಸೀಟು ತೋರಿಸಿದೆ. ಒಂದು ಗೇಣು ಅಗಲ, ಹಿಡಿದುಕೊಳ್ಳಲು ಏನೂ ಇಲ್ಲ, ಎತ್ತರ ಮಾತ್ರ ಕುದುರೆಯಷ್ಟು. ಅವಳು ಒಳಗೆ ಹೋದಳು.

ಆ ಸೀಟಿನ ಮೇಲೆ ಕೂತವರು ಜೀವಮಾನದಲ್ಲಿ ಒಬ್ಬರೇ. ಅವರು ಮೂಡಿಗೆರೆಯ ಒಬ್ಬ ಮೆಕ್ಯಾನಿಕ್. ಕಳೆದ ತಿಂಗಳು ತೀರಿಕೊಂಡರು. ಸಾವಿನ ಮನೆಯಲ್ಲಿ ಎಲ್ಲರೂ "ಎಂಥಾ ಮನುಷ್ಯ, ಎಂಥಾ ಕೈ" ಎನ್ನುತ್ತಿದ್ದರು. ನಾನೂ ತಲೆ ಆಡಿಸಿದೆ. ಆದರೆ ನಿಜ ಹೇಳಬೇಕೆಂದರೆ, ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಅವರಷ್ಟು ನನ್ನ ತಲೆ ತಿಂದವರು ಇನ್ನೊಬ್ಬರಿಲ್ಲ.

ಅವರ ಅಂಗಡಿಯಲ್ಲಿ ಮುಖ್ಯ ಕೆಲಸವೆಂದರೆ ಔಷಧಿ ಹೊಡೆಯುವ ಸ್ಪ್ರೇಯರು, ಕಳೆ ಕೊಚ್ಚುವ ಮಿಷನ್ನು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಎಂಜಿನ್ನು. ನನ್ನ ಬೈಕಿನ ಕಂಪನಿಯ ಸರ್ವಿಸ್ ಸೆಂಟರು ಇರುವುದು ಬೆಂಗಳೂರಿನಲ್ಲಿ. ಹೋಗಿ ಬರುವ ಪೆಟ್ರೋಲಿನ ದುಡ್ಡಿಗೆ ಇಲ್ಲಿ ಅರ್ಧ ಸರ್ವಿಸ್ ಆಗುತ್ತದೆಂದು ಲೆಕ್ಕ ಹಾಕಿ ಇವರ ಹತ್ತಿರ ತಂದೆ. ಅವರು ಬೈಕನ್ನು ಮುಟ್ಟಲಿಲ್ಲ. "ಇದ್ರ ಪುಸ್ತಕ ತನ್ನಿ" ಅಂದರು. ಇಂಟರ್ನೆಟ್ಟಿನಿಂದ ಇಳಿಸಿ, ದಪ್ಪದೊಂದು ಕಟ್ಟು ಜೆರಾಕ್ಸ್ ಮಾಡಿಸಿ ಕೊಟ್ಟೆ. ಅವರಿಗೆ ಇಂಗ್ಲಿಷ್ ಬಾರದು. ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರೊಬ್ಬರನ್ನು ಹದಿನೈದು ದಿನ ಸಂಜೆ ಕೂರಿಸಿಕೊಂಡು ಓದಿಸಿ, ಯಾವ ಬೋಲ್ಟಿಗೆ ಎಷ್ಟು ಬಿಗಿ ಎಂಬುದನ್ನು ಅಂಗಡಿಯ ಗೋಡೆಯ ಮೇಲೆ ಕನ್ನಡ ಅಂಕಿಗಳಲ್ಲಿ ಬರೆದುಕೊಂಡರು. ಮೇಲೆ ಪಲ್ಪರ್ ಬೆಲ್ಟಿನ ಅಳತೆಗಳು, ಕೆಳಗೆ ನನ್ನ ಬೈಕು. ಆ ಹದಿನೈದು ದಿನ ಬೈಕು ಮೂಲೆಯಲ್ಲಿ ನಿಂತಿತ್ತು. ನಾನು ದಿನಕ್ಕೆರಡು ಸಲ ಹೋಗಿ ಕೂಗಾಡಿ ಬರುತ್ತಿದ್ದೆ.

"ಅಣ್ಣಾ, ಬೋಲ್ಟು ಬಿಗಿ ಮಾಡೋಕೆ ಪಾಠ ಬೇಕಾ? ಕೈಗೆ ಗೊತ್ತಾಗಲ್ವಾ?"

"ಪಲ್ಪರಿಂದು ಗೊತ್ತಾಗ್ತದೆ. ಇದ್ರದ್ದು ಅಲ್ಯೂಮಿನಿಯಂ. ನನ್ನ ಕೈಗೆ ಗೊತ್ತಾಗುವಷ್ಟರಲ್ಲಿ ತುಂಡಾಗಿರ್ತದೆ."

ಅವರ ಜೊತೆ ಚೌಕಾಸಿ ನಡೆಯುತ್ತಿರಲಿಲ್ಲ. ನನ್ನ ಕಸುಬೇ ಚೌಕಾಸಿ. ಅದರ ಮೊದಲ ಪಾಠ, ಎದುರಿನವನು ಏನಾದರೊಂದು ಉತ್ತರ ಕೊಡಬೇಕು. ಇವರು ಕೊಡುತ್ತಿರಲಿಲ್ಲ. ದರ ಒಂದು ಸಲ ಹೇಳುವರು. ನಾನು ಕಮ್ಮಿ ಕೇಳಿದರೆ ಸಿಟ್ಟೂ ಇಲ್ಲ, ನಗುವೂ ಇಲ್ಲ. "ಹಾಗಾದ್ರೆ ನಾಳೆ ನೋಡುವ" ಎಂದು ಬೇರೆ ಕೆಲಸ ಎತ್ತಿಕೊಳ್ಳುವರು. ಮರುದಿನ ಹೋದರೆ ಅದೇ ದರ, ಆದರೆ ಸರದಿಯಲ್ಲಿ ನಾನು ನಾಲ್ಕು ಜನರ ಹಿಂದೆ. ಒಂದು ಸಲವಂತೂ ಮೂರು ಲಕ್ಷದ ಬೈಕು ಬಿಟ್ಟು ಯಾರದ್ದೋ ಹಳೇ ಕಳೆ ಮಿಷನ್ನಿನ ಕಾರ್ಬುರೇಟರ್ ಬಿಚ್ಚಿ ಕೂತರು. ನನಗೆ ತಡೆಯಲಾಗಲಿಲ್ಲ.

"ಎಂತ ನ್ಯಾಯ ಇದು? ನಾನು ಬೆಳಿಗ್ಗೆಯಿಂದ ನಿಂತಿದೀನಿ."

"ಅಲ್ಲಿ ತೋಟದಲ್ಲಿ ಹನ್ನೆರಡು ಜನ ಕೆಲಸ ಇಲ್ದೆ ಕೂತಿದಾರೆ ಸಾವ್ಕಾರ್ರೆ. ನೀವು ಒಬ್ರೇ ನಿಂತಿದೀರಿ."

ಕೆಲಸ ಶುರು ಮಾಡಿದ ಮೇಲೂ ನೆಮ್ಮದಿ ಇಲ್ಲ. ಎಂಜಿನ್ನು ಬಿಸಿ ಇದ್ದರೆ ಮುಟ್ಟುವವರಲ್ಲ. ಅಂಗೈ ಇಟ್ಟು ಹತ್ತು ಎಣಿಸುವಷ್ಟು ತಣ್ಣಗಾಗಬೇಕು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಅಡಿಕೆ ಹಾಳೆಯ ತಟ್ಟೆಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಇಡುವರು. ಆ ತಟ್ಟೆ ದಾಟಿ ಹೋಗಲು ಯಾರಿಗೂ ಅಪ್ಪಣೆ ಇಲ್ಲ. ಫೋನು ಎತ್ತುವುದಿಲ್ಲ. ಏನು ಮಾಡಬೇಡಿ ಅಂದರೂ ಕಾರಣ ಹೇಳುವುದಿಲ್ಲ. "ಈ ಚೈನಿಗೆ ಪ್ರೆಷರ್ ನೀರು ಹೊಡೀಬೇಡಿ" ಅಂದರೆ ಬೇಡಿ, ಅಷ್ಟೇ. ಯಾಕೆ ಎಂದು ಕೇಳಿದರೆ ನಾವು ಬಹಳ ದಡ್ಡರೆಂಬಂತೆ ಒಂದು ನೋಟ.

ಆದರೂ ಅವರನ್ನು ಬಿಡಲಾಗಲಿಲ್ಲ. ಯಾಕೆಂದು ಹೇಳುತ್ತೇನೆ.

ಮೊದಲ ವರ್ಷವೇ ಬೈಕಿಗೆ ಒಂದು ರೋಗ ಬಂತು. ಮನೆಯಿಂದ ಹೊರಟರೆ ಅರ್ಧ ಗಂಟೆ ಚೆನ್ನಾಗಿ ಓಡುವುದು, ಆಮೇಲೆ ಎಳೆತ ಕಮ್ಮಿಯಾಗಿ, ಕೆಮ್ಮಿ, ನಿಂತುಬಿಡುವುದು. ಕಳಸದ ರಸ್ತೆಯಲ್ಲಿ, ಅತ್ತಿಗುಂಡಿಯ ಏರಿನಲ್ಲಿ, ಎಲ್ಲಿ ಹೋದರೂ ಹೀಗೇ. ಐದು ನಿಮಿಷ ಬಿಟ್ಟರೆ ಮತ್ತೆ ಸರಿ. ಫೋಟೋ ಕಳಿಸಿ ಫೋನಿನಲ್ಲಿ ವಿಚಾರಿಸಿದ ದೊಡ್ಡ ಊರಿನ ಮೆಕ್ಯಾನಿಕ್ಕು ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಹೋಗಿದೆ ಅಂದ. ಇಪ್ಪತ್ತೆರಡು ಸಾವಿರ. ನಾನು ಹದಿನೇಳಕ್ಕೆ ಇಳಿಸಿ, ಆರ್ಡರ್ ಕೊಡುವ ಮೊದಲು ಇವರಿಗೊಂದು ಮಾತು ಹೇಳೋಣವೆಂದು ಹೋದೆ.

ಇವರು ಬೈಕಿನ ಕಡೆ ನೋಡಲೇ ಇಲ್ಲ. "ನಿಂತಾಗ ನೀವು ಎಂತ ಮಾಡಿದ್ರಿ?"

"ಎಂತ ಮಾಡೋದು, ಇಳಿದು ನಿಂತೆ."

"ಇಳಿದು?"

"ಪೆಟ್ರೋಲ್ ಇದ್ಯಾ ಅಂತ ಮುಚ್ಚಳ ತೆಗೆದು ನೋಡ್ದೆ."

"ಪ್ರತೀ ಸಲ?"

"ಹೌದು ಮಾರಾಯ್ರೆ, ಪ್ರತೀ ಸಲ! ಅದಕ್ಕೂ ಇದಕ್ಕೂ ಎಂತ ಸಂಬಂಧ?"

ಅವರು ಟ್ಯಾಂಕಿನ ಅಡಿಯಿಂದ ಇಳಿದಿದ್ದ ಒಂದು ಸಣ್ಣ ರಬ್ಬರ್ ಕೊಳವೆ ಎಳೆದು, ಬಾಯಿಗಿಟ್ಟು ಊದಿದರು. ಗಾಳಿ ಹೋಗಲಿಲ್ಲ. ತಂತಿ ತೂರಿಸಿ ತಿರುಗಿಸಿದರೆ ಒಳಗಿನಿಂದ ಮಣ್ಣಿನ ಪುಟ್ಟ ಗೂಡು ಉದುರಿತು. ಗೋಡೆ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ ಟ್ಯಾಂಕು ಉಸಿರಾಡುವ ದಾರಿಯಲ್ಲಿ ಮನೆ ಕಟ್ಟಿತ್ತು. ಪೆಟ್ರೋಲ್ ಖಾಲಿಯಾದಷ್ಟೂ ಒಳಗೆ ಗಾಳಿ ಬರಬೇಕು. ಬಾರದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ನಾನು ಮುಚ್ಚಳ ತೆಗೆದಾಗಲೆಲ್ಲ ಟ್ಯಾಂಕು ಉಸಿರೆಳೆದುಕೊಳ್ಳುತ್ತಿತ್ತು. ರಿಪೇರಿ ಮಾಡುತ್ತಿದ್ದವನು ನಾನೇ, ಗೊತ್ತಿಲ್ಲದೆ. "ಎಷ್ಟಾಯ್ತು?" ಎಂದು ಕೇಳಿದೆ. "ಊದಿದ್ದಕ್ಕೆ ಎಂತ ತಗೊಳ್ಳುದು" ಎಂದು ಅಂದಿನ ಚಹಾ ಮಾತ್ರ ಕುಡಿಸಿಕೊಂಡರು. ಹದಿನೇಳು ಸಾವಿರ ಉಳಿಯಿತು. ಇಂಥ ಮನುಷ್ಯರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ.

ಇನ್ನು ಅವರ ಗ್ಯಾರಂಟಿ. ಬಿಲ್ಲಿನ ಮೇಲೆ ಮೂರು ತಿಂಗಳು, ಆರು ತಿಂಗಳು ಎಂದು ಬರೆದುಕೊಡುವ ಪದ್ಧತಿ ಅವರಲ್ಲಿ ಇರಲಿಲ್ಲ. ಅವರು ಕೂರುತ್ತಿದ್ದರು. ಬ್ರೇಕು, ಚಕ್ರ, ಹ್ಯಾಂಡಲ್, ಜೀವಕ್ಕೆ ಸಂಬಂಧಿಸಿದ ಯಾವುದನ್ನೇ ಬಿಚ್ಚಲಿ, ಕೆಲಸ ಮುಗಿದ ಮೇಲೆ ಗಾಡಿಯ ಯಜಮಾನನನ್ನೇ ಓಡಿಸಲು ಹೇಳಿ ತಾವು ಹಿಂದೆ ಕೂರುವರು. ಆಸ್ಪತ್ರೆಯ ನರ್ಸಮ್ಮನ ಸ್ಕೂಟರಿರಲಿ, ಅಂಚೆಯವರ ಮೊಪೆಡ್ಡಿರಲಿ. ಬಿಚ್ಚಿದವರು ಹಿಂದೆ ಕೂರಬೇಕು, ಇದು ಅವರ ಕಾನೂನು. ನನ್ನ ಬೈಕಿನ ಆ ಗೇಣಗಲದ ಸೀಟಿನ ಮೇಲೆ, ಅರವತ್ತು ದಾಟಿದ ಮನುಷ್ಯ, ಪಂಚೆ ಮೇಲೆ ಕಟ್ಟಿ, ಬಣ್ಣ ಹೋದ ಹೆಲ್ಮೆಟ್ ಹಾಕಿ, ಎರಡೂ ಕೈ ನನ್ನ ಭುಜದ ಮೇಲಿಟ್ಟು ಕೂತರೆ ಪೇಟೆಯೇ ನಿಂತು ನೋಡುತ್ತಿತ್ತು. ಬಲ ಭುಜ ತಟ್ಟಿದರೆ ನಿಧಾನ, ಎಡ ಭುಜ ತಟ್ಟಿದರೆ ಹೋಗಲಿ. ನನಗೆ ನಾಚಿಕೆಯಾಗುತ್ತಿತ್ತು. ಲಕ್ಷಗಟ್ಟಲೆಯ ಬೈಕಿನ ಮೇಲೆ ಬಾಡಿಗೆ ಆಟೋದವನ ಹಾಗೆ ಅವರನ್ನು ಸುತ್ತಾಡಿಸುವುದು.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಒಂದು ವರ್ಷ ಅವರು ಮುಂದಿನ ಬ್ರೇಕಿನ ಆಯಿಲ್ ಬದಲಿಸಿದರು. ಬಾಟಲಿಯಲ್ಲಿ ಮುಕ್ಕಾಲು ಭಾಗ ಮಿಕ್ಕಿತು. "ಇದನ್ನು ಬಿಸಾಕಿ" ಅಂದರು. ಎಂದಿನಂತೆ ಕಾರಣ ಹೇಳಲಿಲ್ಲ. ದುಡ್ಡು ಕೊಟ್ಟು ತಂದದ್ದನ್ನು ಯಾರು ಬಿಸಾಡುತ್ತಾರೆ? ಮನೆಗೆ ತಂದು ಗೋದಾಮಿನ ಹಲಗೆಯ ಮೇಲೆ ಇಟ್ಟೆ. ಮಳೆಗಾಲ ಬಂತು, ಹೋಯಿತು. ನಮ್ಮ ಕಡೆಯ ಮಳೆಗಾಲದಲ್ಲಿ ಬೆಂಕಿಪೊಟ್ಟಣ ಗೀರಿದರೆ ಹತ್ತುವುದಿಲ್ಲ, ಉಪ್ಪು ನೀರಾಗುತ್ತದೆ. ಒಣಗಿಸಿದ ಮೆಣಸನ್ನು ಎರಡೆರಡು ಪ್ಲಾಸ್ಟಿಕ್ ಒಳಗೆ ಕಟ್ಟಿಡುವವನು ನಾನು. ತೇವ ಎಂದರೇನೆಂದು ನನಗಿಂತ ಚೆನ್ನಾಗಿ ತಿಳಿದವರು ನಮ್ಮ ಬೀದಿಯಲ್ಲಿ ಇಲ್ಲ. ಆದರೆ ಆಯಿಲ್ಲಿಗೆ ತೇವ ಏನು ಮಾಡೀತು ಎಂದುಕೊಂಡೆ.

ಮಳೆ ಮುಗಿದ ಮೇಲೆ ಅವರು ಬ್ರೇಕಿನ ಒಳಗಿನ ರಬ್ಬರುಗಳನ್ನು ಬದಲಿಸಿದರು. "ಹೊಸ ಆಯಿಲ್ ಬೇಕು. ಸೀಲ್ ಒಡೆಯದ್ದು ತನ್ನಿ" ಅಂದರು. ಆ ನಂಬರಿನ ಆಯಿಲ್ ಮೂಡಿಗೆರೆಯಲ್ಲಿ ಅಂದು ಇರಲಿಲ್ಲ. ಚಿಕ್ಕಮಗಳೂರಿಗೆ ಹೋಗಬೇಕು. ನಾಲ್ಕುನೂರು ರೂಪಾಯಿ, ಅರ್ಧ ದಿನ. ನಾನು ಗೋದಾಮಿಗೆ ಹೋಗಿ, ಬಾಟಲಿಯ ಧೂಳು ಒರೆಸಿ, ಮಧ್ಯಾಹ್ನ ತಂದುಕೊಟ್ಟೆ.

"ಸೀಲು?"

"ಅಂಗಡಿಯವ್ನು ನನ್ನೆದ್ರೇ ಒಡೆದು ತೋರ್ಸಿದ. ಡೂಪ್ಲಿಕೇಟ್ ಅಲ್ಲ ಅಂತ ನಾನೇ ಒಡೆಸ್ದೆ."

"ಕಮ್ಮಿ ಇದ್ಯಲ್ಲ."

"ಬರುವಾಗ ಸ್ವಲ್ಪ ಚೆಲ್ತು."

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದರು. "ಬಣ್ಣ ಸ್ವಲ್ಪ ಜಾಸ್ತಿ ಅಲ್ವಾ?"

"ಹೊಸ ಮಾಲು ಹಾಗೇ ಅಂತೆ."

ಅವರು ನಂಬಿದರು. ಸಾಮಾನು ನೋಡಿ ತರುವುದರಲ್ಲಿ ನಾನು ಮೋಸ ಹೋಗುವವನಲ್ಲವೆಂದು ಊರಿಗೇ ಗೊತ್ತಿತ್ತು. ಆ ಹೆಸರನ್ನು ಅಂದು ಖರ್ಚು ಮಾಡಿದೆ.

ಬ್ರೇಕನ್ನು ಇಳಿಜಾರಿನಲ್ಲೇ ನೋಡಬೇಕೆಂಬುದು ಅವರ ಇನ್ನೊಂದು ಹಟ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯಲ್ಲಿ ಇಳಿದೆವು. ಮೊದಲ ನಾಲ್ಕು ತಿರುವು ಬೆಣ್ಣೆಯ ಹಾಗೆ. ಮುಂದೆ ಒಂದು ಬಸ್ಸು ಸಿಕ್ಕಿತು. ಅದರ ಹಿಂದೆ ಬ್ರೇಕ್ ಹಿಡಿದು, ಬಿಟ್ಟು, ಹಿಡಿದು, ಬಿಟ್ಟು ಒಂದೆರಡು ಮೈಲಿ ಇಳಿದೆವು. ಬಸ್ಸು ದಾಟಿ ಮುಂದಿನ ತಿರುವಿಗೆ ಬಂದು ಬ್ರೇಕ್ ಹಿಡಿದರೆ, ಲಿವರು ಹಸಿ ಹಿಟ್ಟು ಒತ್ತಿದ ಹಾಗೆ ಒಳಗೆ ಹೋಗಿ ನನ್ನ ಬೆರಳಿಗೇ ತಾಗಿತು. ಬ್ರೇಕು ಇಲ್ಲ. ಬಿಟ್ಟು ಮತ್ತೆ ಹಿಡಿದೆ. ಇಲ್ಲ. ಎಡಕ್ಕೆ ಗುಡ್ಡ, ಬಲಕ್ಕೆ ಪ್ರಪಾತ, ಎದುರಿಗೆ ತಿರುವಿನ ತಡೆಗೋಡೆ.

"ಗೇರ್ ಇಳಿಸಿ! ಹಿಂದಿನ ಬ್ರೇಕು, ಕಾಲಲ್ಲಿ! ಎಡಕ್ಕೆ, ಮಣ್ಣಿಗೆ, ಮಣ್ಣಿಗೆ!"

ಗುಡ್ಡ ಕುಸಿದಾಗ ರಸ್ತೆಯಿಂದ ತೆಗೆದ ಮಣ್ಣನ್ನು ಎಡಬದಿಯಲ್ಲಿ ರಾಶಿ ಹಾಕಿದ್ದರು. ಗೇರು ಇಳಿಸಿದೆ, ಎಂಜಿನ್ನು ಕಿರುಚಿತು, ಬೈಕು ಮಣ್ಣಿಗೆ ಹೊಕ್ಕು ಮಗುಚಿತು. ನನಗೆ ಮೊಣಕೈ ತರಚಿತು. ಅವರ ಕನ್ನಡಕದ ಒಂದು ಗಾಜು ಒಡೆದಿತ್ತು, ಪಂಚೆಯ ತುಂಬ ಕೆಮ್ಮಣ್ಣು. ಎದ್ದವರು ಮೊದಲು ನನ್ನ ಕೈಕಾಲು ಮುಟ್ಟಿ ನೋಡಿದರು. ಆಮೇಲೆ ಬೈಕು ಎತ್ತಿಸಿದರು. ಆಮೇಲೆ ತಡೆಗೋಡೆಯ ಮೇಲೆ ಕೂತರು.

ಅರ್ಧ ಗಂಟೆಯ ಮೇಲೆ ಎದ್ದು ಹೋಗಿ ಬ್ರೇಕ್ ಲಿವರು ಒತ್ತಿದರು. ಕಲ್ಲಿನ ಹಾಗೆ ಗಟ್ಟಿ. ಏನೂ ಆಗಿಯೇ ಇಲ್ಲವೆಂಬಂತೆ.

"ನೀರು" ಅಂದರು. ಬಿಸಾಕಿ ಅಂದದ್ದಕ್ಕೆ ಈಗ ಮೊದಲ ಸಲ ಕಾರಣ ಹೇಳಿದರು. "ಈ ಆಯಿಲ್ಲು ಗಾಳಿಯಲ್ಲಿದ್ದ ನೀರು ಕುಡೀತದೆ. ಬ್ರೇಕು ಕಾದಾಗ ಆ ನೀರು ಕುದ್ದು ಆವಿ ಆಗ್ತದೆ. ಆವಿಯನ್ನು ಒತ್ತಿದ್ರೆ ಎಂತ ನಿಲ್ತದೆ? ತಣ್ಣಗಾದ್ರೆ ಮತ್ತೆ ಸರಿ." ಒಡೆದ ಕನ್ನಡಕದಿಂದಲೇ ನನ್ನನ್ನು ನೋಡಿದರು. "ಆ ಬಾಟ್ಲಿ ಯಾವಾಗಿಂದು?"

ಹೇಳಿದೆ. ಗೋದಾಮು, ಹಲಗೆ, ಮಳೆಗಾಲ, ಎಲ್ಲ.

"ನಾನು ಹಿಂದೆ ಕೂರ್ತೇನೆ ಅಂತ ಗೊತ್ತಿತ್ತಲ್ಲ ನಿಮ್ಗೆ."

"ನಾನೂ ಮುಂದೆ ಕೂತಿದ್ದೆ ಅಣ್ಣಾ."

"ನಿಮ್ಮ ಜೀವ, ನೀವು ಏನು ಬೇಕಾದ್ರೂ ಮಾಡ್ಕೊಳ್ಳಿ."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ, ಎಲ್ಲಾದರೂ ಒಂದು ಕಡೆ ಇಬ್ಬರೂ ಇಳಿದು, ವ್ಯವಹಾರ ಮುಗಿಯುತ್ತಿತ್ತು. ಕೆಳಗಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿದರು. ಕಿಟಕಿಯಿಂದ ನನ್ನತ್ತ ನೋಡಲಿಲ್ಲ. ಬೈಕಿನ ಮುಂದಿನ ಚಕ್ರವನ್ನು ನೋಡುತ್ತಾ ಹೋದರು. ನಾನು ಎರಡನೇ ಗೇರಿನಲ್ಲಿ ಏರು ಹತ್ತಿ ಅವರ ಅಂಗಡಿಯ ಮುಂದೆ ಬೈಕು ಬಿಟ್ಟು ನಡೆದು ಮನೆಗೆ ಬಂದೆ.

ಮೂರನೇ ದಿನ ಕರೆ ಕಳಿಸಿದರು. ತಾವೇ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋಗಿ ಹೊಸ ಬಾಟಲಿ ತಂದು, ಹಳೆಯದನ್ನೆಲ್ಲ ತೆಗೆದು, ತೊಳೆದು, ತುಂಬಿದ್ದರು. ಹೇಳಿದಷ್ಟು ಕೊಟ್ಟೆ, ಕನ್ನಡಕದ್ದೂ ಸೇರಿಸಿ. ಕನ್ನಡಕದ್ದನ್ನು ಎಣಿಸಿ ವಾಪಸ್ ಕೊಟ್ಟರು. ಹೆಲ್ಮೆಟ್ ಹಾಕಿಕೊಂಡು, "ಬನ್ನಿ ಅಣ್ಣಾ, ಒಂದು ರೌಂಡು" ಅಂದೆ.

ಅವರು ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಿದ್ದರು. "ನೀವು ಹೋಗಿ ಬನ್ನಿ."

ಆಮೇಲೆ ನಾಲ್ಕು ವರ್ಷ ಆ ಬೈಕಿನ ಕೆಲಸ ಅವರೇ ಮಾಡಿದರು. ಒಂದು ಬೋಲ್ಟು ಹೆಚ್ಚಲ್ಲ, ಕಮ್ಮಿಯಲ್ಲ, ಗೋಡೆಯ ಮೇಲಿದ್ದಷ್ಟೇ ಬಿಗಿ. ನರ್ಸಮ್ಮನ ಹಿಂದೆ ಕೂರುತ್ತಿದ್ದರು, ಅಂಚೆಯವರ ಹಿಂದೆ ಕೂರುತ್ತಿದ್ದರು. ನನ್ನ ಹಿಂದೆ ಮಾತ್ರ ಇಲ್ಲ. ನಾನೇನು ಕಮ್ಮಿ ಪ್ರಯತ್ನ ಮಾಡಿದೆನೇ? ಸೀಲಿರುವ ಬಾಟಲಿಯನ್ನು ಬಿಲ್ಲಿನ ಸಮೇತ ತಂದುಕೊಟ್ಟೆ. ಬೈಕಿಗೆ ನೀರು ಹೊಡೆದದ್ದನ್ನೂ ಬಿಡದೆ ಒಪ್ಪಿಸಿದೆ. ಒಂದು ಸಲ ರೇಗಿ ಕೇಳಿಯೂ ಕೇಳಿದೆ. "ಒಂದು ತಪ್ಪಿಗೆ ಎಷ್ಟು ವರ್ಷ ಅಣ್ಣಾ? ಕೋರ್ಟಲ್ಲಾದ್ರೂ ಇಷ್ಟು ಅಂತ ಹೇಳ್ತಾರೆ." ಅವರು ಚೈನಿನ ಸಡಿಲ ಬೆರಳಲ್ಲಿ ಅಳೆಯುತ್ತಿದ್ದವರು ತಲೆ ಎತ್ತಲಿಲ್ಲ. "ಸಿಟ್ಟಲ್ಲ ಸಾವ್ಕಾರ್ರೆ. ಭಯ" ಅಂದರು.

ಅವರು ಹೇಳಿದ ದರವನ್ನು ಎಣಿಸಿ ಕೊಟ್ಟು ಹೊರಟೆ.

ಕೊನೆಯ ಸಲ ಹೋದದ್ದು ಹೊರನಾಡಿಗೆ ಹೊರಡುವ ಮುನ್ನಾದಿನ. ಆಗಲೇ ಅವರು ಸ್ಟೂಲಿನ ಮೇಲೆ ಕೂತೇ ಕೆಲಸ ಮಾಡುತ್ತಿದ್ದರು, ಏದುಸಿರು. ಹ್ಯಾಂಡಲಿನ ಬೇರಿಂಗ್ ಸರಿಮಾಡಿ, ಬ್ರೇಕು ಎರಡು ಸಲ ಒತ್ತಿ ನೋಡಿ, "ಇಳಿಜಾರಲ್ಲಿ ಜಾಸ್ತಿ ಹೊತ್ತು ಹಿಡ್ಕೊಂಡೇ ಇರ್ಬೇಡಿ" ಅಂದರು. ಬೈಕು ಶುರು ಮಾಡಿ, ರೂಢಿಯಂತೆ ಒಂದು ಗಳಿಗೆ ಕಾದೆ. ಅವರು ಕೈ ಒರೆಸುವ ಬಟ್ಟೆ ಮಡಚುತ್ತಿದ್ದರು. ಹೊರಟೆ.

ಇಷ್ಟೆಲ್ಲ ಬರೆದದ್ದು ನಿಮಗೆ ನಾಲ್ಕು ಮಾತು ಹೇಳುವುದಕ್ಕೆ. ಬ್ರೇಕ್ ಆಯಿಲ್ಲಿನ ಚಿಕ್ಕ ಬಾಟಲಿಯನ್ನೇ ಕೊಳ್ಳಿ. ದೊಡ್ಡದರಲ್ಲಿ ಉಳಿತಾಯ ಕಾಣುತ್ತದೆ, ಆದರೆ ಸೀಲು ಒಡೆದ ಮೇಲೆ ಮಿಕ್ಕದ್ದು ನಮ್ಮ ಹವೆಯಲ್ಲಿ ಮುಂದಿನ ವರ್ಷಕ್ಕೆ ಬಾರದು. ಅದನ್ನು ಬಾವಿಯ ಹತ್ತಿರ ಚೆಲ್ಲಬೇಡಿ, ಬೈಕಿನ ಟ್ಯಾಂಕಿನ ಮೇಲೆ ಬಿದ್ದರೆ ಬಣ್ಣ ತಿನ್ನುತ್ತದೆ, ನೆನಪಿರಲಿ. ಪ್ರತಿ ಮಳೆಗಾಲದ ನಂತರ ಬದಲಿಸಿ. ಬ್ರೇಕನ್ನು ಅಂಗಡಿಯ ಮುಂದೆ ತಣ್ಣಗಿರುವಾಗ ಒತ್ತಿ ನೋಡಿ ಖುಷಿಪಡಬೇಡಿ. ಒಂದು ಇಳಿಜಾರು ಇಳಿದು, ಕಾದ ಮೇಲೆ ನಿಲ್ಲಿಸಿ ಒತ್ತಿ. ಮೆತ್ತಗಿದ್ದರೆ ಅಲ್ಲೇ ಅರ್ಧ ಗಂಟೆ ಕೂರಿ, ಮುಂದೆ ಇಳಿಯಬೇಡಿ. ಘಾಟಿಯಲ್ಲಿ ಗೇರಿನಲ್ಲಿ ಇಳಿಯಿರಿ, ಬ್ರೇಕಿನಲ್ಲಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾಲ್ಕು ಕಾಸು ಉಳಿಸಲು ಏನಾದರೂ ಮಾಡಿಯೇ ಬಿಟ್ಟಿರುತ್ತೀರಿ, ನಮ್ಮಂಥವರ ಜಾಯಮಾನವೇ ಅದು. ಹಾಗಿದ್ದರೆ, ನಿಮ್ಮ ಹಿಂದೆ ಕೂರುವವರು ಹತ್ತುವ ಮೊದಲೇ ಅವರಿಗೆ ಹೇಳಿ. ನಾನು ಬಿದ್ದ ಮೇಲೆ ಹೇಳಿದೆ.